ದಾರ ಹಚ್ಚದ ಕೋಲು

ಹಮ್ಮಿಗಿಯ ಬಡಿಗೇರ ಮೂಕಪ್ಪನಿಗೆ ಅಳತೆಯ ಹಂಗಿರಲಿಲ್ಲ. ಬಾಗಿಲ ಚೌಕಟ್ಟಿರಲಿ, ಎತ್ತಿನ ನೊಗವಿರಲಿ, ಬಾಣಂತಿಯ ಮನೆಯ ತೊಟ್ಟಿಲಿರಲಿ, ಒಂದು ಸಲ ಕಣ್ಣು ಕಿರಿದು ಮಾಡಿ ನೋಡಿದನೆಂದರೆ ಮುಗಿಯಿತು, ಗರಗಸ ಕೂರಬೇಕಾದಲ್ಲೇ ಕೂರುತ್ತಿತ್ತು. ಊರ ಮಂದಿ ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದರು, ಅವನೂ ಇಳಿಯುವ ಮನಸ್ಸು ಮಾಡಿರಲಿಲ್ಲ ಎನ್ನಿ. ಮರಕ್ಕೆ ದಾರ ಹಿಡಿದು ಗುರುತು ಹಾಕುತ್ತಿದ್ದನಾದರೂ ಅದು ಗಿರಾಕಿಯ ಸಮಾಧಾನಕ್ಕೆ ಎಂದು ಹೇಳಿ ನಗುತ್ತಿದ್ದ.

ಮನುಷ್ಯರಿಗೆ ಮಾತ್ರ ಅವನು ದಾರ ಹಚ್ಚುತ್ತಿರಲಿಲ್ಲ. ಅವರ ಮನೆತನದಲ್ಲಿ ಬಡಿಗೇರನ ದಾರ ಮನುಷ್ಯನ ಮೈಗೆ ತಾಗುವುದು ಒಂದೇ ಸಲ, ಅದೂ ಚಟ್ಟದ ಬಿದಿರು ಕಡಿಯುವ ಮುಂಚೆ. ಮೂಕಪ್ಪನಿಗೆ ಹತ್ತು ವರ್ಷವಿದ್ದಾಗ ಅವನ ಅಪ್ಪ ಈ ಕಟ್ಟಳೆಯನ್ನು ಒಮ್ಮೆ ಮೀರಿದ್ದ. ಮೂಕಪ್ಪನ ಅಣ್ಣನಿಗೆ ಮದುವೆ ಗೊತ್ತಾಗಿತ್ತು. ಹೊಸ ಮಂಚ ಮಾಡಬೇಕೆಂದು ಅಪ್ಪ ಮಗನನ್ನು ಗೋಡೆಗೆ ನಿಲ್ಲಿಸಿ, ನಗುತ್ತ ನಗುತ್ತ ನೆತ್ತಿಯಿಂದ ಹಿಮ್ಮಡಿಗೆ ದಾರ ಹಚ್ಚಿದ. ತಿಂಗಳು ತುಂಬುವುದರೊಳಗೆ ಪ್ಲೇಗು ಬಂತು, ಅದೇ ದಾರದ ಗಂಟಿನ ಅಳತೆಗೆ ಅಣ್ಣನ ಚಟ್ಟದ ಬಿದಿರು ಕಡಿದರು. ಪ್ಲೇಗು ಆ ವರ್ಷ ಅರ್ಧ ಊರನ್ನೇ ಒಯ್ದಿತ್ತು, ದಾರದ ಮುಖ ನೋಡದವರನ್ನೂ ಒಯ್ದಿತ್ತು. ಆದರೆ ಹತ್ತು ವರ್ಷದ ಕೂಸಿನ ಎದೆಯಲ್ಲಿ ಕೂತದ್ದು ದಾರ, ಪ್ಲೇಗಲ್ಲ.

ಅಂಬಿಗರ ಯಂಕಪ್ಪ ಅವನ ಜೀವದ ಗೆಳೆಯ. ಒಂದೇ ಹೊಳೆಯಲ್ಲಿ ಈಜು ಕಲಿತವರು, ಒಂದೇ ಹೊಲದ ಕಡಲೆಗಿಡ ಕಿತ್ತು ಒಂದೇ ಬಡಿಗೆಯಿಂದ ಹೊಡೆಸಿಕೊಂಡವರು. ಯಂಕಪ್ಪ ಎಂಥ ಎತ್ತರದ ಆಳೆಂದರೆ ಊರಿನ ಯಾವ ಬಾಗಿಲೂ ಅವನನ್ನು ತಲೆ ಬಗ್ಗಿಸದೆ ಒಳಗೆ ಬಿಡುತ್ತಿರಲಿಲ್ಲ. ತುಂಗಭದ್ರೆಯ ನಡುನೀರಿನಲ್ಲಿ ಹರಗೋಲಿನೊಳಗೆ ಅವನು ಬಿದಿರ ಗಳ ಹಿಡಿದು ನೆಟ್ಟಗೆ ನಿಂತರೆ ಈ ದಂಡೆಯವರಿಗೂ ಆ ದಂಡೆಯವರಿಗೂ ಇಂಥವನೇ ಎಂದು ಗುರುತು ಸಿಗುತ್ತಿತ್ತು. ಈ ದಂಡೆ ಮುಂಬಯಿ ಸರಕಾರದ್ದು, ಆ ದಂಡೆ ಮೊದಲು ಮದ್ರಾಸಿನದಾಗಿತ್ತು. ಮೂರು ವರ್ಷದ ಹಿಂದೆ ಆ ದಂಡೆ ಮೈಸೂರಿಗೆ ಹೋಯಿತು, ಈ ದಂಡೆ ಮುಂಬಯಿಯಲ್ಲೇ ಉಳಿಯಿತು. ನಲವತ್ತು ವರ್ಷ ಈ ನೀರಿನ ಮೇಲೆ ತಿರುಗಿದ ಯಂಕಪ್ಪ ಮಾತ್ರ ಎದೆಯುಬ್ಬಿಸಿ ಹೇಳುತ್ತಿದ್ದ:

"ದಿನಕ್ಕ ಹತ್ತು ಸಲ ಸರಕಾರ ಬದಲಿ ಮಾಡಾಂವ ಈ ಸೀಮಿಯೊಳಗ ನಾನೊಬ್ಬನ ನೋಡ್ರಿ."

ಅರವತ್ತೈದು ದಾಟಿದ ಮೇಲೆ ಎಡಗಾಲಿನ ಮೊಣಕಾಲು ಕೈಕೊಟ್ಟಿತು. ಹರಗೋಲು ಮಗ ಸಕ್ರಪ್ಪನ ಕೈಗೆ ಹೋಯಿತು. ಎರಡು ವರ್ಷದಿಂದ ಯಂಕಪ್ಪ ಮನೆಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕೂತಲ್ಲೇ ಬೆನ್ನು ಬಾಗುತ್ತಿತ್ತು, ದಿನಾ ನೋಡುವವರಿಗೆ ಅದು ಕಾಣುತ್ತಿರಲಿಲ್ಲ. ದಿನಾ ನೋಡುವವರಲ್ಲಿ ಮೂಕಪ್ಪನೇ ಮೊದಲಿಗ.

ಆ ವರ್ಷ ದಸರೆಯ ಹೊತ್ತಿಗೆ ಮುಂಡರಗಿಯಿಂದ ಖಬರು ಬಂತು. ಬರುವ ನವೆಂಬರ್ ಒಂದನೇ ತಾರೀಕಿಗೆ ಕನ್ನಡದ ಸೀಮೆಯೆಲ್ಲ ಒಂದೇ ರಾಜ್ಯವಾಗುತ್ತದೆ, ಹೊಳೆಯ ಎರಡೂ ದಂಡೆಗೆ ಒಂದೇ ಸರಕಾರ. ಕೇಳಿದ ಗಳಿಗೆಯಿಂದ ಯಂಕಪ್ಪ ಒಂದೇ ಹಟ ಹಿಡಿದ. ಆ ದಿನ ತಾನು ಹರಗೋಲು ಹತ್ತಿ ಆ ದಂಡೆಗೆ ಹೋಗಬೇಕು, ಹೊತ್ತುಕೊಂಡು ಒಯ್ಯಕೂಡದು, ಮನೆಯಿಂದ ನೀರಿನ ತನಕ ತನ್ನ ಕಾಲಮೇಲೇ ನಡೆಯಬೇಕು.

"ಬೆನ್ನ ಮ್ಯಾಲ ಕುಂಡ್ರಿಸಿಕೊಂಡು ಒಯ್ತೀನಪ್ಪಾ, ಯಾರೂ ನಗೂದಿಲ್ಲ," ಎಂದು ಸಕ್ರಪ್ಪ ಅಂಗಲಾಚಿದ.

"ಸತ್ತ ಮ್ಯಾಲ ಹೊರೂದು ಇದ್ದ ಐತಿ ಮಗನ, ಯಾಕ ಅವಸರಾ ಮಾಡತಿ?" ಎಂದು ಯಂಕಪ್ಪ ಅವನ ಬಾಯಿ ಮುಚ್ಚಿಸಿ, ಪಕ್ಕದಲ್ಲೇ ಕೂತಿದ್ದ ಮೂಕಪ್ಪನ ತೊಡೆಗೆ ಗುದ್ದಿದ. "ಲೇ ಮೂಕ್ಯಾ, ನನಗೊಂದು ಕೋಲು ಮಾಡಲೇ. ಚೊಲೋದು ಮಾಡಬೇಕು. ನೋಡಿದವರು, ಅಂಬಿಗ ಕುಂಟ ಆಗ್ಯಾನ ಅನಬಾರದು, ಅಂಬಿಗ ಸಾವುಕಾರ ಆಗ್ಯಾನ ಅನಬೇಕು."

ಮೂಕಪ್ಪನಿಗೆ ಹಬ್ಬ ಬಂದಂತಾಯಿತು. ಐವತ್ತು ವರ್ಷದಲ್ಲಿ ಗೆಳೆಯ ಅವನ ಕಡೆ ಹುಟ್ಟುಗಳನ್ನು ಮಾಡಿಸಿಕೊಂಡಿದ್ದ, ಮನೆಯ ಬಾಗಿಲು ಮಾಡಿಸಿಕೊಂಡಿದ್ದ, ತನ್ನ ಮೈಗೆಂದು ಏನನ್ನೂ ಕೇಳಿರಲಿಲ್ಲ. ಮರುದಿನವೇ ಗುಡ್ಡದ ಬುಡದ ಡೋಣಿ ಎಂಬ ಊರಿಗೆ ಹೋಗಿ, ಗುಡ್ಡದ ದಿಂಡಲ ಮರದ ಒಣಗಿದ ಟೊಂಗೆಯೊಂದನ್ನು ಆರಿಸಿ ತಂದ. ಗಂಟಿಲ್ಲದ್ದು, ಸೀಳಿಲ್ಲದ್ದು, ಗಾಡಿಯ ಅಚ್ಚಿಗೆ ಹಾಕಿದರೂ ತಡೆಯುವಂಥದ್ದು.

ಮುಂಡರಗಿಯ ಸಂತೆಯಲ್ಲಿ ದಾದಾಪೀರನನ್ನೂ ಕಂಡ. ದಾದಾಪೀರ ಬೆಟಗೇರಿಯ ಕಡೆ ಒಂದು ದವಾಖಾನೆಯಲ್ಲಿ ಇಪ್ಪತ್ತು ವರ್ಷ ರೋಗಿಗಳನ್ನು ಎತ್ತಿ, ಕೂರಿಸಿ, ನಡೆಸಿ, ಈಗ ಊರಿಗೆ ಬಂದು ಬಳೆ ಮಾರುತ್ತಿದ್ದವನು. ಬಳೆಯ ಗಿರಾಕಿಗಳನ್ನು ಬಿಟ್ಟು ಅವನು ಮೂಕಪ್ಪನಿಗೆ ಕೋಲಿನ ಪಾಠ ಹೇಳಿದ.

"ಎಡಗಾಲು ನೋವಲ್ಲೇನ್ರಿ? ಹಂಗಾರ ಕೋಲು ಬಲಗೈಯಾಗ ಇರಬೇಕು. ಎಲ್ಲಾರೂ ನೋವಿದ್ದ ಕಡೆನ ಹಿಡೀತಾರ, ಅದು ತಪ್ಪು. ನೋವಿನ ಕಾಲು, ಕೋಲು ಎರಡೂ ಕೂಡೇ ಮುಂದ ಬರಬೇಕು, ಅಂದ್ರ ಭಾರಾ ಕೋಲಿನ ಮ್ಯಾಲ ಹೋಗತೈತಿ. ಹತ್ತೂವಾಗ ಗಟ್ಟಿ ಕಾಲು ಮೊದಲ, ಇಳಿಯೂವಾಗ ನೋವಿನ ಕಾಲು ಮೊದಲ. ತುದಿಗೆ ಹಿತ್ತಾಳಿ ಹಾಕಬ್ಯಾಡ್ರಿ ಮತ್ತ, ಚಂದ ಕಾಣತೈತಿ, ಆದ್ರ ಕಲ್ಲಿನ ಮ್ಯಾಲ ಜಾರತೈತಿ. ಲಾರಿ ಟೈರಿನ ತುಂಡು ಬಡಿಸ್ರಿ."

ಮೂಕಪ್ಪ ತಲೆಯಾಡಿಸುತ್ತ ಒಂದೊಂದನ್ನೂ ಮನಸ್ಸಿನಲ್ಲಿ ಕೂರಿಸಿಕೊಂಡ. ಕೊನೆಗೆ ದಾದಾಪೀರ ಎದ್ದು ನಿಂತು ತನ್ನ ಕೈ ಇಳಿಬಿಟ್ಟು ತೋರಿಸಿದ.

"ಎಲ್ಲಕ್ಕಿಂತ ದೊಡ್ಡದು ಉದ್ದ. ಕಾಲಾಗ ಕಾಲ್ಮರಿ ಮೆಟ್ಟಿಸಿ, ಅಂವ ಹೆಂಗ ನಿಂದರತಾನೋ ಹಂಗ ನಿಂದರಿಸ್ರಿ. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರಿ ಎಲ್ಲಿಗೆ ಬರತೈತೋ ಕೋಲಿನ ಹಿಡಿಕಿ ಅಲ್ಲಿಗೇ ಬರಬೇಕು. ಉದ್ದಾದ್ರ ಹೆಗಲು ಮ್ಯಾಲ ಏರತೈತಿ, ಕೈಯಾಗ ಬಲಾ ಇರೂದಿಲ್ಲ. ದಾರಾ ಹಚ್ಚಿ ಅಳತಿ ತಗೋರಿ."

"ದಾರಾ ಯಾಕೋ?" ಎಂದ ಮೂಕಪ್ಪ. "ಅರವತ್ತು ವರ್ಷದಿಂದ ನೋಡಿದ ಮೈ ಅದು. ನನ್ನ ಕಣ್ಣಾಗ ಐತಿ."

ದಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಗೋಡೆಗೆ ನಿಂತು ನಗುತ್ತಿದ್ದ ಅಣ್ಣ ಕಣ್ಣಮುಂದೆ ಬಂದಿದ್ದ. ಆದರೆ ಅದನ್ನು ಬಳೆಗಾರನ ಮುಂದೆ ಹೇಳಿಕೊಳ್ಳುವ ಬದಲು ಜಂಬ ಕೊಚ್ಚಿಕೊಳ್ಳುವುದು ಅವನಿಗೆ ಸುಲಭವಾಯಿತು.

ಮನೆಗೆ ಬಂದು ಟೊಂಗೆಯನ್ನು ಎದುರಿಗೆ ನಿಲ್ಲಿಸಿ ಕಣ್ಣು ಕಿರಿದು ಮಾಡಿದ. ಯಂಕಪ್ಪ ಬಂದು ನಿಂತ. ಆದರೆ ಯಾವ ಯಂಕಪ್ಪ? ಕಟ್ಟೆಯ ಮೇಲೆ ಹಗ್ಗ ಹೊಸೆಯುವವನಲ್ಲ, ನಡುನೀರಿನಲ್ಲಿ ಗಳ ಹಿಡಿದು ನಿಂತವನು. ಬಡಿಗೇರನ ಕಣ್ಣು ಆ ಯಂಕಪ್ಪನ ಮಣಿಕಟ್ಟು ಹುಡುಕಿತು, ಗರಗಸ ಅಲ್ಲಿಗೇ ಕೂತಿತು. ಮೇಲೆ ಅಂಗೈ ತುಂಬುವಂಥ ಅಡ್ಡ ಹಿಡಿಕೆ ಕೂರಿಸಿ, ಗಾಜಿನ ಚೂರಿನಿಂದ ಉಜ್ಜಿ, ಕುಸುಬೆ ಎಣ್ಣೆ ಕುಡಿಸಿ, ತುದಿಗೆ ಟೈರಿನ ತುಂಡು ಬಡಿದ. ಅಷ್ಟು ಚಂದದ ಕೋಲನ್ನು ಅವನು ಹಿಂದೆ ಮಾಡಿರಲಿಲ್ಲ.

ಯಂಕಪ್ಪ ಅದನ್ನು ಕೈಗೆ ತೆಗೆದುಕೊಂಡು ತಿರುತಿರುಗಿಸಿ ನೋಡಿದ. ಮೂಗಿನ ಹತ್ತಿರ ಒಯ್ದು ಎಣ್ಣೆಯ ವಾಸನೆ ಕುಡಿದ. ಆಮೇಲೆ ಊರಿ ನಿಂತ.

"ಎಡಗೈಯಾಗ ಅಲ್ಲಲೇ, ಬಲಗೈಯಾಗ," ಎಂದು ಮೂಕಪ್ಪ ದಾದಾಪೀರನ ಪಾಠ ಒಪ್ಪಿಸತೊಡಗಿದ.

"ನೋವು ಎಡಕ, ಕೋಲು ಬಲಕ? ನಾಳೆ ಹೊಟ್ಟಿನೋವು ಬಂದ್ರ ಬೆನ್ನಿಗೆ ಔಷಧಾ ಹಚ್ಚತೀಯೇನ?" ಎಂದು ಯಂಕಪ್ಪ ಗೇಲಿ ಮಾಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹನಮಂತವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆದರೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಯಂಕಪ್ಪನ ಮುಖವೇ ಬೇರೆಯಾಯಿತು. ಎರಡು ವರ್ಷದ ಮೇಲೆ ಗೋಡೆ ಹಿಡಿಯದೆ ಅಂಗಳದ ನಡುವೆ ನಿಂತಿದ್ದ. ಅವನ ಕಣ್ಣಲ್ಲಿ ನೀರಾಡಿತು, ಮೂಕಪ್ಪನ ಕಣ್ಣಲ್ಲೂ ಆಡಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅಂದಿನಿಂದ ಹದಿನೈದು ದಿನ ಸಂಜೆ ಸಂಜೆ ಅಂಗಳದಲ್ಲಿ ತಾಲೀಮು ನಡೆಯಿತು. ಕೋಲು, ನೋವಿನ ಕಾಲು, ಗಟ್ಟಿ ಕಾಲು. ಮೂಕಪ್ಪ ಹಿಂದಿನಿಂದ ಕೂಗುತ್ತಿದ್ದ, ಯಂಕಪ್ಪ ಬೈಯುತ್ತ ನಡೆಯುತ್ತಿದ್ದ. ಒಂದು ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಮೇಲಿನ ನೆರಳಿನಲ್ಲಿ ಯಂಕಪ್ಪನ ಬಲಹೆಗಲು ಕಿವಿಯ ಹತ್ತಿರ ಏರಿದ್ದು ಮೂಕಪ್ಪನಿಗೆ ಕಂಡಿತು. ಮೊಣಕೈಯೂ ಹೊರಗೆ ಚಾಚಿಕೊಂಡಿತ್ತು.

"ಉದ್ದ ಆತೇನಲೇ?" ಎಂದು ಕೇಳಿದ.

"ಎಲ್ಲಿ ಉದ್ದ? ನನ್ನ ಕೂಡ ಹುಟ್ಟಿ ಬಂದಂಗ ಐತಿ. ನಿನ್ನ ಕಣ್ಣು ಎಂದಾರ ತಪ್ಪೈತೇನ?"

ಮೂಕಪ್ಪ ಸುಮ್ಮನಾದ. ಸುಮ್ಮನಾಗಬಾರದಿತ್ತು. ತಪ್ಪಿಲ್ಲ ಎಂದು ಯಾರಾದರೂ ಹೇಳಲಿ ಎಂದೇ ಅವನು ಕೇಳಿದ್ದ, ಹೇಳಿಸಿಕೊಂಡ, ಹಗುರಾದ. ಮುಂದಿನ ಸಂತೆಯಲ್ಲಿ ದಾದಾಪೀರ ದೂರದಿಂದಲೇ, "ಅಳತಿ ತಗೊಂಡ್ರೇನ್ರಿ?" ಎಂದು ಕೂಗಿ ಕೇಳಿದಾಗ, "ಹೂಂ, ತಗೊಂಡೆ," ಎಂದು ಸುಳ್ಳು ಹೇಳಿ ಎಲೆಯಡಿಕೆ ಅಂಗಡಿಯ ಕಡೆ ತಿರುಗಿಬಿಟ್ಟ.

ನವೆಂಬರ್ ಒಂದನೇ ತಾರೀಕು ಬೆಳಗಾಯಿತು. ಶಾಲೆಯ ಮುಂದೆ ತಳಿರು ಕಟ್ಟಿದ್ದರು, ಮಾಸ್ತರರು ಸಕ್ಕರೆ ಹಂಚುತ್ತಿದ್ದರು. ಯಂಕಪ್ಪ ಮಿಂದು, ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಕೋಲು ಹಿಡಿದು ಮನೆಯಿಂದ ಹೊರಬಿದ್ದ. ಬಲಕ್ಕೆ ಮೂಕಪ್ಪ, ಹಿಂದೆ ಹನಮಂತವ್ವ. ಸಕ್ರಪ್ಪ ಆಗಲೇ ಹೊಳೆಯಲ್ಲಿ ಹರಗೋಲು ಸಜ್ಜು ಮಾಡಿ ಕಾಯುತ್ತಿದ್ದ. ದಾರಿಯ ಮಂದಿ, "ಎಲ್ಲಿಗ್ರಿ ಅಂಬಿಗರು?" ಎಂದರೆ, "ನಮ್ಮ ರಾಜ್ಯಾ ನೋಡಿ ಬರತೀನಿ," ಎನ್ನುತ್ತಿದ್ದ.

ಊರಿಗೂ ಹೊಳೆಗೂ ನಡುವೆ ಮಹಾಪೂರದ ನೀರು ತಡೆಯಲೆಂದು ಹಿರಿಯರು ಕಟ್ಟಿದ ಕಲ್ಲಿನ ಒಡ್ಡೊಂದಿದೆ. ಅದನ್ನು ಹತ್ತಲು ಐದು ಪಾವಟಿಗೆ. ಹತ್ತಿ ನಿಂತರೆ ಇಡೀ ಹೊಳೆ ಕಾಣುತ್ತದೆ. ಯಂಕಪ್ಪ ಕೆಳಗೆ ನಿಂತು ಉಸಿರು ಎಳೆದುಕೊಂಡ.

"ಗಟ್ಟಿ ಕಾಲು ಮೊದಲ," ಎಂದ ಮೂಕಪ್ಪ.

"ಗೊತ್ತೈತಿ ಮಾಸ್ತರ," ಎಂದ ಯಂಕಪ್ಪ.

ಒಂದು ಹತ್ತಿದ. ಎರಡು ಹತ್ತಿದ. ಮೂರನೆಯದು ಹತ್ತಿ ನಿಂತು ಮೂಕಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾಲ್ಕನೆಯದಕ್ಕೆ ಗಟ್ಟಿ ಕಾಲು ಇಟ್ಟು, ಮೈ ಎತ್ತಲೆಂದು ಕೋಲನ್ನು ಅದೇ ಪಾವಟಿಗೆಯ ಮೇಲೆ ಊರಿದ. ಮೊದಲೇ ಉದ್ದದ ಕೋಲು, ಮೇಲಿನ ಕಲ್ಲಿನ ಮೇಲೆ ನಿಂತಾಗ ಅದರ ಹಿಡಿಕೆ ಎದೆಯ ತನಕ ಬಂತು. ಎದೆಯ ಮಟ್ಟಕ್ಕೆ ಎತ್ತಿದ ಕೈಯಲ್ಲಿ ಅದುಮುವ ಬಲ ಎಲ್ಲಿಂದ ಬರಬೇಕು? ಮೊಣಕೈ ನಡುಗಿತು, ಕೋಲು ಹಿಂದಕ್ಕೆ ವಾಲಿತು, ಕೋಲಿನ ಹಿಂದೆ ಯಂಕಪ್ಪನೂ ವಾಲಿದ. ಮೂಕಪ್ಪ ಕೈ ಚಾಚಿದ. ರುಮಾಲಿನ ತುದಿ ಮಾತ್ರ ಕೈಗೆ ಸಿಕ್ಕಿತು. ಇನ್ನೆರಡು ಪಾವಟಿಗೆ ಹತ್ತಿದ್ದರೆ ಹೊಳೆ ಕಾಣುತ್ತಿತ್ತು.

ಸೊಂಟದ ಎಲುಬು ಮುರಿದಿತ್ತು. ಒಡ್ಡಿನ ಆಚೆಯಿಂದ ಓಡಿ ಬಂದ ಸಕ್ರಪ್ಪ ಕೊನೆಗೂ ಅಪ್ಪನನ್ನು ಹೊತ್ತ, ಹೊಳೆಯ ಕಡೆಗಲ್ಲ, ಮನೆಯ ಕಡೆಗೆ. ಬಂಡಿ ಕಟ್ಟಿ ಗದಗಿಗೆ ಒಯ್ಯೋಣವೆಂದರೆ ಯಂಕಪ್ಪ ಮುಟ್ಟಿದರೆ ಚೀರುತ್ತಿದ್ದ.

ಹನ್ನೊಂದು ದಿನ ಹಾಸಿಗೆಯಲ್ಲಿದ್ದ. ಮೂಕಪ್ಪ ಅಂಗಡಿಯ ಬಾಗಿಲು ತೆರೆಯದೆ ಅವನ ತಲೆದೆಸೆಯಲ್ಲಿ ಕೂತ. ಮೂರನೆಯ ದಿನ ತಡೆಯಲಾರದೆ, "ಕೋಲು ಉದ್ದ ಇತ್ತಲೇ ಯಂಕ್ಯಾ. ನಾ ನಿನ್ನ ಕೆಡವಿದೆ," ಎಂದು ಅತ್ತೇಬಿಟ್ಟ.

"ಹುಚ್ಚ ಅದೀಯೇನ," ಎಂದ ಯಂಕಪ್ಪ. ಮಾತಿಗೊಮ್ಮೆ ಹಲ್ಲು ಕಚ್ಚುತ್ತಿದ್ದ. "ಪಾವಟಿಗಿ ಮ್ಯಾಲ ಪಾಚಿ ಇತ್ತು, ಕಾಲು ಜಾರಿತು. ಕೋಲು ಬಂಗಾರದಂಥಾದ್ದು."

ಮೂಕಪ್ಪ ಅಲ್ಲಿಂದ ಎದ್ದವನು ನೆಟ್ಟಗೆ ಒಡ್ಡಿಗೆ ಹೋದ. ನಾಲ್ಕನೆಯ ಪಾವಟಿಗೆಯ ಮೇಲೆ ಅಂಗೈಯಾಡಿಸಿದ. ಕಲ್ಲು ಒಣಗಿ ಬಿಸಿಲಿಗೆ ಕಾದಿತ್ತು. ಪಾಚಿಯ ಸುಳಿವೂ ಇರಲಿಲ್ಲ. ಅಲ್ಲೇ ಕುಸಿದು ಕೂತು, ಯಾರಾದರೂ ನೋಡಿಯಾರೆಂಬ ಗೊಡವೆಯಿಲ್ಲದೆ ಹೊಟ್ಟೆ ತುಂಬ ಅತ್ತ.

ಹನ್ನೆರಡನೆಯ ದಿನ ಬೆಳಿಗ್ಗೆ ಯಂಕಪ್ಪನ ಉಸಿರು ನಿಂತಿತು. ಆ ಊರಿನಲ್ಲಿ ಚಟ್ಟಕ್ಕೆ ಅಳತೆ ಕೊಡುವವನು ಬಡಿಗೇರನೇ. ಬೇರೆ ಯಾರಾದರೂ ಮಾಡಲಿ ಎಂದು ಸಕ್ರಪ್ಪ ಹೇಳಿದ, ಮೂಕಪ್ಪ ಕೇಳಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಗೆಳೆಯನ ಮೈಗೆ ದಾರ ಹಚ್ಚಿದ, ನೆತ್ತಿಯಿಂದ ಹಿಮ್ಮಡಿಗೆ. ಗಂಟು ಹಾಕಿ ಅಂಗಳಕ್ಕೆ ಬಂದು ಬಿದಿರಿನ ಮುಂದೆ ಕೂತ. ಕಣ್ಣು ಹೇಳಿದ ಜಾಗಕ್ಕೆ ಗುರುತು ಹಾಕಿ, ಆಮೇಲೆ ದಾರ ಹಿಡಿದು ನೋಡಿದ. ದಾರ ಗುರುತಿನ ತನಕ ಮುಟ್ಟಲೇ ಇಲ್ಲ. ಎಲ್ಲೋ ತಪ್ಪಾಯಿತೆಂದು ಒಳಗೆ ಹೋಗಿ ಮತ್ತೆ ಹಚ್ಚಿದ. ಮತ್ತೂ ಅಷ್ಟೇ. ಅವನ ಯಂಕಪ್ಪ ಯಾವಾಗಲೋ ಚಿಕ್ಕವನಾಗಿ ಹೋಗಿದ್ದ, ಅವನಿಗೆ ತಿಳಿದಿರಲಿಲ್ಲ.

ಆಮೇಲೆ ಅವನು ಕಣ್ಣಳತೆಯ ಕೆಲಸ ಬಿಟ್ಟ. ಸಣ್ಣ ಮಣೆಗೂ ದಾರ ಹಿಡಿಯತೊಡಗಿದ. ಮಂದಿ, ಬಡಿಗೇರನಿಗೆ ವಯಸ್ಸಾಯಿತು ಎಂದರು, ಅವನು ಹೌದೆಂದ.

ಆರು ತಿಂಗಳಾದ ಮೇಲೆ, ಮಳೆ ಹಿಡಿಯುವ ಮುಂಚೆ, ಒಂದು ಮುಂಜಾನೆ ಹನಮಂತವ್ವ ಅವನ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಅದೇ ಕೋಲು ಹಿಡಿದಿದ್ದಳು. ಅದನ್ನು ನೋಡಿ ಮೂಕಪ್ಪ ಮುಖ ತಿರುಗಿಸಿದ.

"ನನಗೂ ಮೊಣಕಾಲು ಹಿಡದಾವಣ್ಣಾ," ಎಂದು ಹೊಸ್ತಿಲ ಮೇಲೆ ಕೂತಳು. "ಇದನ್ನ ನನಗ ಸಣ್ಣದು ಮಾಡಿ ಕೊಡು."

ಕೋಲನ್ನು ಕೈಗೆ ತೆಗೆದುಕೊಂಡ ಮೂಕಪ್ಪನ ಬೆರಳು ಹಿಡಿಕೆಯ ಕೆಳಗೆ ನಿಂತಿತು. ಅಲ್ಲಿ, ನಾಲ್ಕು ಬೆರಳು ಕೆಳಗೆ, ಹಳೆಯ ಇಳಕಲ್ ಸೀರೆಯ ಚೂರೊಂದನ್ನು ಬಿಗಿಯಾಗಿ ಸುತ್ತಲಾಗಿತ್ತು. ಎಣ್ಣೆ ಮತ್ತು ಬೆವರು ಹತ್ತಿ ಬಟ್ಟೆ ಕಪ್ಪಾಗಿತ್ತು.

"ಇದೇನು ತಂಗಿ?"

ಹನಮಂತವ್ವ ಕೈ ಚಾಚಿ ಆ ಬಟ್ಟೆಯನ್ನು ಮುಟ್ಟಿದಳು.

"ಹೇಳಬಾರದು ಅಂತಿದ್ದೆ. ಹೊಟ್ಟಿಯೊಳಗ ಇಟಗೊಂಡು ಸಾಕಾತು," ಎಂದಳು. "ನೀ ಇಲ್ಲದಾಗ ಅವರು ಮ್ಯಾಲಿನ ಹಿಡಿಕಿ ಹಿಡೀತಿರಲಿಲ್ಲ. ಇಲ್ಲಿ ಬಟ್ಟಿ ಸುತ್ತಿಕೊಂಡು ಇದನ್ನ ಹಿಡದು ನಡೀತಿದ್ರು. ಅಂಗಳ ಎಲ್ಲಾ ತಿರಗತಿದ್ರು, ಹಿತ್ತಲಕ ಹೋಗಿ ಬರತಿದ್ರು. ನಿನ್ನ ಕಾಲ ಸಪ್ಪಳಾ ಕೇಳಿದ ಕೂಡಲೇ ಬಿಚ್ಚಿ ಕಿಸೆದಾಗ ಇಟಗೊಂತಿದ್ರು. ಅವತ್ತು ಮುಂಜಾನಿನೂ ಬಿಚ್ಚಿದ್ರು. ಹೋದ ಮ್ಯಾಲ ನಾನ ಮತ್ತ ಸುತ್ತಿ ಇಟ್ಟೀನಿ."

"ನನಗ ಹೇಳಿದ್ರ ಒಂದು ಗಳಿಗಿ ಕೆಲಸಾ ಇತ್ತಲ್ಲವ್ವಾ!" ಎಂದ ಮೂಕಪ್ಪ. "ಯಾಕ ಹೇಳಲಿಲ್ಲ ಅಂವ?"

"ನಾನೂ ಕೇಳಿದೆ. ಮೂಕ್ಯಾನ ಕಣ್ಣು ತಪ್ಪಿಲ್ಲ, ನನ್ನ ಮೈ ತಪ್ಪೈತಿ ಅಂದ್ರು. ಅವನ ಕಣ್ಣಾಗ ನಾ ಇನ್ನೂ ಎತ್ತರ ಅದೀನಿ, ಇರಲಿ ಬಿಡು ಅಂದ್ರು."

ಮೂಕಪ್ಪ ಕೋಲನ್ನು ಎದೆಗೆ ಒತ್ತಿ ಹಿಡಿದು ಕೂತ. ಅವನ ಒಳಗೆ ಏನೋ ಮುರಿಯಿತು, ಅದನ್ನು ಕೂಡಿಸುವ ಬಡಿಗತನ ಯಾರಿಗೂ ಬಾರದು. ಹನಮಂತವ್ವ ಅತ್ತಳು, ಅವನಿಗೆ ಅಳಲೂ ಆಗಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ಗೂಟದ ಮೇಲಿನ ದಾರ ತೆಗೆದುಕೊಂಡ.

"ಕಾಲ್ಮರಿ ಮೆಟಗೊಂಡು ನಿಂದ್ರವ್ವಾ. ನೆಟ್ಟಗ ನಿಂದ್ರಬ್ಯಾಡ, ದಿನಾ ಹೆಂಗ ನಿಂದರತೀಯೋ ಹಂಗ ನಿಂದ್ರು."

ಅವಳು ದಾರ ನೋಡಿದಳು, ಅವನ ಮುಖ ನೋಡಿದಳು. ಆ ಮನೆತನದ ಕಟ್ಟಳೆ ಊರಿಗೆಲ್ಲ ಗೊತ್ತಿತ್ತು.

"ದಾರಾ ಹಚ್ಚತೀಯೇನಣ್ಣಾ?"

"ಹಚ್ಚತೀನಿ. ದಾರಕ್ಕ ಏನೂ ಗೊತ್ತಿಲ್ಲವ್ವಾ. ಅದು ಬರೇ ಉದ್ದಾ ಹೇಳತೈತಿ."

ಅವಳು ಎದ್ದು ನಿಂತು ಕೈ ಇಳಿಬಿಟ್ಟಳು. ಮೂಕಪ್ಪ ನೆಲಕ್ಕೆ ಕೂತು, ಅವಳ ಚಪ್ಪಲಿಯ ಅಡಿಯಿಂದ ಮಣಿಕಟ್ಟಿನ ಗೆರೆಗೆ ದಾರ ಹಿಡಿದ. ಅಲ್ಲಿ ಗಂಟು ಹಾಕಿದ.

ಕೋಲಿನ ತುದಿಯ ಟೈರು ಕಿತ್ತ. ಅವಳ ಅಳತೆಗೆ ಏಳು ಬೆರಳು ತೆಗೆಯಬೇಕಿತ್ತು, ಒಂದೇ ಸಲ ಕೊಯ್ದರೆ ಮುಗಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ತುದಿಯಿಂದ ಮೊದಲು ನಾಲ್ಕು ಬೆರಳು ಅಳೆದು, ಅಷ್ಟನ್ನೇ ಕೊಯ್ದ. ಆ ಚೂರನ್ನು ಕಿಸೆಗೆ ಹಾಕಿಕೊಂಡು, ಕೋಲನ್ನು ಗೋಡೆಗೆ ಆನಿಸಿ ನಿಲ್ಲಿಸಿದ.

"ಇದು ಯಂಕಪ್ಪನ ಕೋಲು," ಎಂದ.

ಇಬ್ಬರೂ ಅದನ್ನು ನೋಡುತ್ತ ಕೂತರು. ಹೊರಗೆ ಹೊಳೆಯ ಕಡೆಯಿಂದ, ಆ ದಂಡೆಗೆ ಹೋಗುವವರನ್ನು ಕರೆಯುವ ಸಕ್ರಪ್ಪನ ಕೂಗು ಕೇಳುತ್ತಿತ್ತು. ಆ ಕೂಗು ನಿಂತ ಮೇಲೆ ಮೂಕಪ್ಪ ಕೋಲನ್ನು ಮತ್ತೆ ಮಣೆಯ ಮೇಲೆ ಮಲಗಿಸಿ, ಉಳಿದ ಮೂರು ಬೆರಳು ಕೊಯ್ಯಲು ಗರಗಸ ಎತ್ತಿಕೊಂಡ.